ಮೊಲದ ಗೂಡಿಗೆ ಹಾಸಿದ ಕೂದಲು

ಸಲೂನಿನಲ್ಲಿ ಒದ್ದೆ ಕೂದಲಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ಮುದುಡಿಕೊಳ್ಳುತ್ತವೆ.

ಭಾಗ್ಯನಗರದ ನಮ್ಮ ಹಿತ್ತಲಲ್ಲಿ ನಾನು ಚಿಕ್ಕವಳಿದ್ದಾಗ ಒಂದು ಸಂಜೆ ಅಪ್ಪ, ಯಾರೋ ಬಳಸಿ ಮಾರಿದ್ದ ನಾಯಿಗೂಡನ್ನು ನಮ್ಮ ಮೊಲಕ್ಕೆಂದು ಸರಿಮಾಡಿದ. ಸರಳುಗಳ ನಡುವೆ ಸಂದು ದೊಡ್ಡದಿತ್ತು, ಹುಟ್ಟುವ ಮರಿ ಹೊರಬಿದ್ದೀತೆಂದು ಸುತ್ತಲೂ ಸಣ್ಣ ಕಣ್ಣಿನ ತಂತಿ ಜಾಳಿಗೆ ಬಿಗಿದ. ಒಳಗೆ ಬಿಟ್ಟದ್ದೇ ತಡ, ಗಬ್ಬದ ಮೊಲ ಮೂಲೆ ಹಿಡಿದು ತನ್ನ ಎದೆಯ ತುಪ್ಪಳ ಕಿತ್ತು ಹಾಸತೊಡಗಿತು.

ಅವ್ವ ಕೂದಲ ಕಾರ್ಖಾನೆಯಲ್ಲಿ ದಿನವಿಡೀ ವಿಗ್ಗಿಗೆಂದು ತೊಳೆದ ಕೂದಲಿನ ಸಿಕ್ಕು ಬಿಡಿಸುವವಳು. ಆಗಷ್ಟೇ ಕೆಲಸದಿಂದ ಬಂದಿದ್ದಳು.

"ಪಾಪ, ತನ್ನ ಮೈ ಹರಕೊಂಡು ಹಾಸಾಕತ್ತೈತಿ. ಇದನ್ನ ಹಾಕು, ಮರಿಗೆ ಬೆಚ್ಚಗಿರ್ತೈತಿ" ಎಂದು ಉಡಿಯಿಂದ ಒಂದು ಹಿಡಿ ಉದ್ದನೆಯ ಕೂದಲು ತೆಗೆದುಕೊಟ್ಟಳು. ಮೆತ್ತಗೆ ಹರಡಿದವಳು ನಾನು.

ಮರಿ ಹುಟ್ಟಿದ ನಾಲ್ಕನೇ ದಿನ ನೋಡಿದರೆ ಐದರಲ್ಲಿ ಒಂದೂ ಮಿಸುಕಲಿಲ್ಲ. ಕೂದಲು ಕುತ್ತಿಗೆಗೆ, ಕಾಲಿಗೆ ಸುತ್ತಿ ಬಿಗಿದಿತ್ತು. ಅವ್ವ ಅವುಗಳನ್ನು ಉಡಿಯಲ್ಲಿ ಹಾಕಿಕೊಂಡು ಒಂದೊಂದೇ ಎಳೆ ಬಿಡಿಸುತ್ತ ಕೂತಳು.

"ಸತ್ತ ಹೋಗ್ಯಾವ, ಇನ್ನ ಬಿಡು" ಎಂದ ಅಪ್ಪ.

"ಕಟ್ಟಿ ಹಾಕಿದಂಗ ಮಣ್ಣಾಗ ಹೆಂಗ ಇಡ್ಲಿ?"

ಐದನೆಯ ಮರಿಯೂ ಬಿಡುಗಡೆಯಾಯಿತು. ಅವ್ವ ಎಲ್ಲಿಯೋ ನೋಡುತ್ತಿದ್ದಳು. ಅವಳ ಕೈ ಮಾತ್ರ ಬಿಡಿಸಿದ ಕೂದಲನ್ನು ಉದ್ದಕ್ಕೆ ಉದ್ದ ಹೊಂದಿಸಿ, ಕಾರ್ಖಾನೆಯಲ್ಲಿ ಕಟ್ಟುವ ಹಾಗೆಯೇ, ಒಂದು ಕಟ್ಟು ಕಟ್ಟಿಟ್ಟಿತು.