ಸಾಕಮ್ಮ ಹೇಳಿದ ಕಾಗದ

ಗಂಡ ಮುನಿಸಿಕೊಂಡು ತನ್ನ ಅಕ್ಕನ ಮನೆ ಸೇರಿ ಎರಡು ತಿಂಗಳಾಗಿತ್ತು. ಅವನನ್ನು ಕರೆಸಲು ಸಾಕಮ್ಮ ಊರ ಮೇಷ್ಟ್ರಿಂದ ಎರಡು ಕಾಗದ ಬರೆಸಿದ್ದಳು. ಮೂರನೆಯದಕ್ಕೆ ನಗುತ್ತಲೇ ಬಂದಳು.

“ಮೇಷ್ಟ್ರೇ, ನಿಮ್ಮ ಕಾಗದಾನ ನಮ್ಮೋರು ದೇವರ ಗೂಡಲ್ಲಿಟ್ಟು ಕುಂಕುಮ ಹಚ್ಚವ್ರಂತೆ!”

“ಯಾಕೆ?”

“ಪ್ರಾಣೇಶ್ವರ, ಚರಣಾರವಿಂದ ಅಂತೆಲ್ಲ ಇತ್ತಲ್ಲ, ಯಾವುದೋ ಸ್ತೋತ್ರ ಅಂದ್ಕೊಂಡ್ರಂತೆ. ಈ ಸಲ ನಾನು ಹೇಳ್ದಂಗೇ ಬರೀರಿ.”

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. “ಹೇಳು.”

“ಇನ್ನೂ ಅಲ್ಲೇ ಯಾಕೆ ಕುಂತಿದ್ದೀರಿ? ಸಿಟ್ಟು ಇಳಿದಿದ್ರೆ ಬನ್ನಿ. ಇಳಿದಿಲ್ಲ ಅಂದ್ರೆ ಸಿಟ್ಟಲ್ಲೇ ಬನ್ನಿ, ಇಲ್ಲೇ ಜಗಳ ಆಡಾಣ. ಒಬ್ಬಳೇ ಕುಂತು ಉಂಡ್ರೆ ಮುದ್ದೆ ಗಂಟಲಲ್ಲಿ ಇಳೀತಿಲ್ಲ.”

“ಇದೂ ಒಂದು ಕಾಗದವೇನಮ್ಮಾ?”

“ಬರೀರಿ ನೀವು.”

ವಾರದೊಳಗೆ ಗಂಡ ಬಸ್ಸಿಳಿದ. ಸಾಕಮ್ಮ ಬಾಳೆಹಣ್ಣಿನ ಚಿಪ್ಪು ಹಿಡಿದು ಮೇಷ್ಟ್ರ ಮನೆಗೆ ಓಡಿ ಸುದ್ದಿ ಹೇಳಿದಳು. ಮೇಷ್ಟ್ರು ದೇವರಿಗೊಂದು ಕೈಮುಗಿದರು. ಆಮೇಲೆ ಅತ್ತಿತ್ತ ನೋಡಿ, ಹೊಸ ಹಾಳೆಯೊಂದನ್ನು ತೊಡೆಯ ಮೇಲೆ ಹರವಿಕೊಂಡು ಮೆಲ್ಲಗೆ ಅಂದರು:

“ತವರಿಗೆ ಹೋದ ನಮ್ಮವಳು ನಾಲ್ಕು ತಿಂಗಳಾದರೂ ಬಂದಿಲ್ಲ ತಾಯಿ. ನೀನು ಹೇಳು, ನಾನು ಬರ್ಕೋತೀನಿ.”