ಹನ್ನೊಂದು ಹೆಸರಿನ ಪ್ರಮಾಣಪತ್ರ

"ಆ ಹೆಸರು ನನ್ನ ಹೆಸರಿನ ಪಕ್ಕಕ್ಕೆ ಹೇಗೆ ಬಂತು?"

ಕುರ್ಚಿ ತೋರಿಸಿದರೂ ಕನ್ನಡಕದಂಗಡಿಯ ಯಜಮಾನ ಕೂರಲಿಲ್ಲ. ಬಾಗಿಲಲ್ಲೇ ನಿಂತು ಮೊಬೈಲನ್ನು ತಂತಿಯ ಮೂಗಿಗೆ ತಾಗುವಂತೆ ಹಿಡಿದ.

ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಅಂಟಿದ ಅಡ್ಡಹೆಸರು ತಂತಿ. ಈಗ ಮನೆಯ ಮುಂಗೋಣೆಯಲ್ಲಿ ಒಂದೇ ಒಂದು ಸರ್ವರ್ ಇಟ್ಟುಕೊಂಡು, ಬಡಾವಣೆಯ ಹನ್ನೊಂದು ಅಂಗಡಿಗಳ ವೆಬ್‌ಸೈಟುಗಳನ್ನು ಅದರಲ್ಲೇ ಸಾಕುತ್ತಿದ್ದ. ಮೊಬೈಲಿನಲ್ಲಿದ್ದದ್ದು ಅವನೇ ಹಾಕಿಸಿದ ಭದ್ರತಾ ಪ್ರಮಾಣಪತ್ರ. ಅದರಲ್ಲಿ ಹನ್ನೊಂದು ಹೆಸರುಗಳ ಪಟ್ಟಿ. ಯಜಮಾನನ ಅಂಗಡಿಯ ಕೆಳಗೇ, ರಸ್ತೆಯಾಚೆ ಒಬ್ಬಾಕೆ ನಡೆಸುವ ಇನ್ನೊಂದು ಕನ್ನಡಕದಂಗಡಿಯ ಹೆಸರು.

"ಗಿರಾಕಿಯೊಬ್ಬ ನನ್ನ ಸೈಟಿನ ವಿಳಾಸದ ಪಕ್ಕದ ಬೀಗದ ಗುರುತು ಒತ್ತಿ ನೋಡಿದ. 'ಏನ್ ಸ್ವಾಮಿ, ಬೀದೀಲಿ ಹಾವು-ಮುಂಗುಸಿ, ಚೀಟೀಲಿ ಅಕ್ಕಪಕ್ಕ' ಅಂತ ಹಲ್ಲು ಕಿರಿದ. ನನಗೆ ಬೆವರು ಬಂತು."

"ಯಂತ್ರದ ಎಡವಟ್ಟು ಸ್ವಾಮಿ. ಆಕೆ ನನ್ನ ಗಿರಾಕಿಯೇ ಅಲ್ಲ," ಎಂದ ತಂತಿ.

ಯಜಮಾನ ಅವನನ್ನು ವಿಚಿತ್ರವಾಗಿ ನೋಡಿದ. "ಅದು ನಾನು ಕೇಳಿಲ್ಲ. ಹನ್ನೆರಡು ಗಂಟೆಯೊಳಗೆ ಬೇರೆ ಆಗಬೇಕು. ಇಲ್ಲ ಅಂದ್ರೆ ಈ ಪಟ್ಟೀಲಿರೋ ಒಬ್ಬೊಬ್ಬರ ಮನೆಗೂ ಹೋಗಿ, ನಿನ್ನ ಮಾತಿಗೆ ಎಷ್ಟು ಬೆಲೆ ಅಂತ ಹೇಳಿಬರ್ತೀನಿ."

ಹೇಳಿದರೆ ಮುಗಿಯಿತು. ತಂತಿಯ ಕಸುಬು ನಿಂತಿದ್ದದ್ದೇ ಮಾತಿನ ಮೇಲೆ.

ಆ ಎರಡು ಅಂಗಡಿಗಳ ಜಗಳ ಬೀದಿಗೆಲ್ಲ ಮನರಂಜನೆ. "ಅಲ್ಲಿ ಕೊಂಡರೆ ಒಂದು ಎರಡಾಗಿ ಕಾಣುತ್ತದೆ" ಎಂದು ಇವನು ಫಲಕ ಹಾಕಿದರೆ, "ಅಲ್ಲಿ ಕೊಂಡರೆ ಎರಡೂ ಕಾಣುವುದಿಲ್ಲ" ಎಂದು ಆಕೆ ಮಾರುತ್ತರ ಬರೆಸುತ್ತಿದ್ದಳು. ಇವನ ಮೇಲಿನ ಸಿಟ್ಟಿಗೆ ಜನ ಅಲ್ಲಿ ಕೊಳ್ಳುತ್ತಿದ್ದರು, ಅವಳ ಮೇಲಿನ ಸಿಟ್ಟಿಗೆ ಇಲ್ಲಿ. ಮೂರನೆಯ ಕನ್ನಡಕದಂಗಡಿ ಆ ಬೀದಿಯಲ್ಲಿ ತಲೆಯೆತ್ತಲೇ ಇಲ್ಲ. ಇಬ್ಬರೂ ಬಡಾವಣೆಯವರಲ್ಲ, ಬೆಳಿಗ್ಗೆ ಬೇರೆ ಬೇರೆ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ವೆಬ್‌ಸೈಟಿಗೆಂದು ಬಂದಾಗ ಇಬ್ಬರೂ ಹಾಕಿದ್ದು ಒಂದೇ ಷರತ್ತು: "ಎದುರಿನವರ ಹೆಸರು ನನ್ನ ಹೆಸರಿನ ಹತ್ತಿರ ಸುಳಿಯಬಾರದು." ದ್ವೇಷ ಮಾಡಿ ಮಾಡಿ ಮಾತೂ ಒಂದೇ ಆಗಿಬಿಟ್ಟಿದೆ ಎಂದು ತಂತಿ ಒಳಗೊಳಗೇ ನಕ್ಕು, ಇಬ್ಬರಿಗೂ ಮಾತು ಕೊಟ್ಟಿದ್ದ.

ಆದರೆ ಹನ್ನೊಂದು ಪ್ರಮಾಣಪತ್ರಗಳನ್ನು ಮತ್ತೆ ಮತ್ತೆ ನವೀಕರಿಸಲು ಸೋಮಾರಿತನವಾಗಿ, ಕಳೆದ ವಾರ ಎಲ್ಲರನ್ನೂ ಒಂದೇ ಪತ್ರಕ್ಕೆ ತುರುಕಿದ್ದ. ಬೀಗ ಭದ್ರವಾಗಿಯೇ ಇತ್ತು. ಪಟ್ಟಿ ಮಾತ್ರ ಬಟ್ಟಬಯಲಾಗಿತ್ತು.

ಯಜಮಾನ ಹೋದೊಡನೆ ತಂತಿ ಕೀಲಿಮಣೆಯ ಮುಂದೆ ಕುಳಿತ. ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ.

"ಅಳಿಯಂದ್ರೇ, ಇಬ್ಬರಿಗೂ ಸುಳ್ಳು ಹೇಳೋನು ಎರಡು ನಾಲಿಗೆ ಇಟ್ಕೊಂಡಿರಬೇಕು."

"ಒಂದನ್ನಾದರೂ ಉಳಿಸ್ಕೋತೀನಿ, ಸುಮ್ಮನಿರಿ ಅತ್ತೆ."

ಅಷ್ಟರಲ್ಲಿ ಅಡುಗೆಮನೆಯ ಹಿಂಬಾಗಿಲು ಕಿರುಗುಟ್ಟಿತು. ಬಂದವಳು ಎದುರಂಗಡಿಯಾಕೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಮೊಬೈಲು, ಅದರಲ್ಲಿ ಅದೇ ಪಟ್ಟಿ.

ತಂತಿ ಲೆಕ್ಕ ಹಾಕಿದ. ಒಂದೇ ಗಂಟೆಯಲ್ಲಿ ಇಬ್ಬರಿಗೂ ತಿಳಿಯಿತೆಂದರೆ? ಈಕೆ ಅವನ ಅಂಗಡಿಯಲ್ಲಿ ಬೇಹುಗಾರನನ್ನು ಇಟ್ಟಿರಬೇಕು. ಇಲ್ಲವೇ ಅವನು ಈಕೆಯ ಅಂಗಡಿಯಲ್ಲಿ.

"ಇದನ್ನ ಯಾರ್‍ಯಾರು ನೋಡಿದಾರೆ?" ಎಂದಳು. ಏಕೆ ಹೀಗೆ ಮಾಡಿದೆ ಎಂದಲ್ಲ.

"ಯಾರೂ ಇಲ್ಲಮ್ಮ."

"ಒಬ್ಬ ನೋಡಿದಾನೆ. ಅವನು ಬಾಯಿಬಡುಕ." ಆಕೆಯ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. "ನಾನು ಇಲ್ಲೇ ಕೂತಿರ್ತೀನಿ. ಮಾಡಿ."

ಹನ್ನೆರಡಕ್ಕೆ ಇಪ್ಪತ್ತು ನಿಮಿಷ. ತಂತಿ ಒಂದೊಂದು ಹೆಸರಿಗೂ ಪ್ರತ್ಯೇಕ ಪ್ರಮಾಣಪತ್ರ ತರಿಸಿದ. ವಿಳಾಸ ಒಂದೇ, ಮನೆಯವರು ಹನ್ನೊಂದು ಮಂದಿ. ಬಂದವರು ಯಾರ ಹೆಸರು ಹಿಡಿದು ಕರೆಯುತ್ತಾರೋ ಅವರ ಪತ್ರವನ್ನಷ್ಟೇ ತೋರಿಸು ಎಂದು ಸರ್ವರ್‌ಗೆ ಬರೆದುಕೊಡಬೇಕು. ಯಜಮಾನನದನ್ನು ಬರೆದ. ಅದನ್ನೇ ನಕಲು ಮಾಡಿ, ಹೆಸರು ಬದಲಿಸಿ, ಆಕೆಯದನ್ನು ಬರೆದ.

ಆಕೆ ಮೊದಲು ತೆರೆದದ್ದು ಯಜಮಾನನ ಸೈಟು. ವೈರಿಯ ಮನೆಯನ್ನು ಮೊದಲು ಇಣುಕುವ ಚಪಲ ಎಂದುಕೊಂಡ ತಂತಿ. ಅಲ್ಲಿ ಒಂದೇ ಹೆಸರಿತ್ತು. ಆಕೆ ನಿಟ್ಟುಸಿರು ಬಿಟ್ಟಳು. ಬಳಿಕ ತನ್ನದನ್ನು ತೆರೆದಳು.

ಪುಟದ ತುಂಬ ಕೆಂಪು ಎಚ್ಚರಿಕೆ: ಈ ಪ್ರಮಾಣಪತ್ರ ಈ ಸೈಟಿನದಲ್ಲ. ಕೆಳಗೆ ಯಜಮಾನನ ಅಂಗಡಿಯ ಹೆಸರು!

"ಅಯ್ಯೋ ಪುಣ್ಯಾತ್ಮ! ಮುಚ್ಚಿಡು ಅಂದ್ರೆ ಡಂಗೂರ ಸಾರ್ತಿದೀಯಲ್ಲ!"

ನಕಲು ಮಾಡುವ ಭರದಲ್ಲಿ ಪತ್ರ ಎಲ್ಲಿದೆ ಎನ್ನುವ ಸಾಲನ್ನು ಬದಲಿಸಲು ಮರೆತಿದ್ದ. ಆ ಸಾಲು ತಿದ್ದಿ, ಸರ್ವರ್‌ಗೆ ಮತ್ತೆ ಓದಿಸಿದ. ಕೆಂಪು ಅಳಿಯಿತು. ಬೀಗ ಮೂಡಿತು. ಒಳಗೆ ಆಕೆಯ ಹೆಸರೊಂದೇ.

ಆಗ ಮುಂಬಾಗಿಲು ತೆರೆಯಿತು. ಯಜಮಾನ!

ತಂತಿ ಎರಡೂ ಕೈ ಚಾಚಿ ಇಬ್ಬರ ನಡುವೆ ಗೋಡೆಯಾದ. ಆಡಿದ ಸುಳ್ಳು ಎದುರಿಗೇ ನಿಂತಿತ್ತು. ಇನ್ನು ಕೈಕೈ ಮಿಲಾಯಿಸುವುದೊಂದೇ ಬಾಕಿ. ಅತ್ತೆ ಬಟಾಣಿಯ ಬುಟ್ಟಿಯನ್ನು ಎದೆಗವಚಿಕೊಂಡು ಮೂಲೆಗೆ ಸರಿದರು.

ಎದುರಂಗಡಿಯಾಕೆ ತಂತಿಯ ಕೈಯಡಿಯಲ್ಲಿ ನುಸುಳಿ, ಬೀದಿಯ ಆಚೀಚೆ ಇಣುಕಿ, ಬಾಗಿಲಿನ ಚಿಲಕ ಹಾಕಿದಳು.

"ರೀ, ಎರಡೂ ಬೇರೆ ಆಯ್ತು, ನೀವು ಮುಂದೆ ನಡೀರಿ, ನಾನು ಹಿಂದಿನಿಂದ ಬರ್ತೀನಿ. ಮಗಳಿಗೆ ಇವತ್ತು ಅರ್ಧ ದಿನ ಸ್ಕೂಲು, ಮನೆ ಬೀಗದ ಕೈ ನಿಮ್ಮ ಜೇಬಲ್ಲೇ ಇದೆ."