ಶಕ್ತಿ ಇಂಜೆಕ್ಷನ್

ಆರು ಸತ್ತ ಇಲಿಗಳಿದ್ದ ಗಾಜಿನ ಜಾಡಿಯನ್ನು ನೀಲಮ್ಮ ಸಿಂಧನೂರಿನ ಡಾಕ್ಟರ್ ಅಮರಗುಂಡಪ್ಪನ ಮೇಜಿನ ಮೇಲೆ ಕುಕ್ಕಿದಳು. ಭತ್ತದ ನಾಟಿ ಮಾಡುವ ಹೆಂಗಸರು ಶಕ್ತಿ ಇಂಜೆಕ್ಷನ್ನಿಗೆ ಸಾಲಾಗಿ ನಿಂತಿದ್ದರು.

“ಏನ್ ತಂಗಿ, ನಾ ಮನಷ್ಯಾರ ಡಾಕ್ಟರ,” ಎಂದು ಅವನು ನಕ್ಕ.

“ನಾ ಕೆಲಸ ಮಾಡೋ ಕಾಲೇಜಿನ ಲ್ಯಾಬಿನ್ಯಾಗ ಹನ್ನೆರಡು ಇಲಿಗೆ ಒಂದೇ ರೋಗಾಣು ಹಾಕಿದ್ದೆರಿ. ಈ ಆರಕ್ಕ ನಿಮ್ಮ ಶಕ್ತಿ ಇಂಜೆಕ್ಷನ್ನೂ ಕೊಟ್ಟೆ. ಎರಡು ದಿನ ಕುಣಿದಾಡಿದ್ವು. ಆಮ್ಯಾಲ ರೋಗ ತಡಕೊಳ್ಳೋ ಕಸುವ ಉಳೀಲಿಲ್ಲ. ಉಳಿದ ಆರು ಇನ್ನೂ ಕಾಳು ತಿನ್ನಾಕತ್ತಾವ.” ಎಂಟು ತಿಂಗಳು ಕಾದಿಟ್ಟ ಮಾತಿಗೂ ಅವಳ ದನಿ ಏರಲಿಲ್ಲ. “ಜ್ವರ ಬಂದು ಮಲಗಿದ್ದ ನಮ್ಮ ಮನಿಯವರೂ ನೀವು ಚುಚ್ಚಿದ ಮ್ಯಾಲ ಎರಡು ದಿನ ಎದ್ದು ಕುಂತು ಹೊಟ್ಟಿತುಂಬ ಉಂಡ್ರು. ಮೂರನೇ ದಿನ ಹೋದ್ರು.”

ಅಮರಗುಂಡಪ್ಪ ಸೂಜಿ ಹಿಡಿದು ಸಾಲಿನ ಮೊದಲಿದ್ದ ಯಮನೂರಮ್ಮನತ್ತ ತಿರುಗಿದ. “ನೀ ಬಾ ಬೇ.”

ಯಮನೂರಮ್ಮ ಜಾಡಿ ನೋಡಿದಳು. ಮೇಲೇರಿಸಿದ್ದ ಕುಪ್ಪಸದ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಂಡಳು. ಹಿಂದಿದ್ದವರೂ ಒಬ್ಬೊಬ್ಬರಾಗಿ ಎಳೆದುಕೊಂಡರು.